ಗ್ರಂಥಾಲಯದ ಎಡಿಟಿಂಗ್ ಕಂಪ್ಯೂಟರಿನಲ್ಲಿ ಕೆಲಸ ಕಳೆದುಕೊಳ್ಳದೆ ಮುಗಿಸುವುದು ಹೇಗೆ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಡಿಯೊ, ಆಡಿಯೊ ಎಡಿಟಿಂಗ್‌ಗೆಂದೇ ಇಟ್ಟಿರುವ ಕಂಪ್ಯೂಟರುಗಳು ಸಾಮಾನ್ಯ ಲ್ಯಾಪ್‌ಟಾಪಿಗಿಂತ ಎಷ್ಟೋ ಪಾಲು ಗಟ್ಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ಧಾರಾಳ ಮೆಮೊರಿ, ದೊಡ್ಡ ತೆರೆ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್ ಎಲ್ಲ ಇರುತ್ತದೆ. ಇಲ್ಲದಿರುವುದು ನೆನಪು ಮಾತ್ರ. ಬಹುತೇಕ ಕಡೆ ನೀವು ಲಾಗ್ ಆಫ್ ಆದ ಕೂಡಲೇ, ಇಲ್ಲವೇ ಯಂತ್ರ ರೀಸ್ಟಾರ್ಟ್ ಆದಾಗ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರುವಂತೆ ಹೊಂದಿಸಿರುತ್ತಾರೆ. ಹಾಗೆ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಹತ್ತಾರು ಜನ ಬಳಸುವ ಯಂತ್ರಕ್ಕೆ ವೈರಸ್ ಹತ್ತದಿರಲಿ, ಒಬ್ಬರ ಫೈಲ್ ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ ಎಂದು ಮಾಡಿದ ಏರ್ಪಾಡು ಅದು. ಕೆಳಗಿನ ಸಲಹೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟಿವೆ.

ಹೋಗುವ ಮೊದಲು

ಜಾಗ ಕಾಯ್ದಿರಿಸುವಾಗಲೇ ಕೆಲವನ್ನು ಕೇಳಿಟ್ಟುಕೊಳ್ಳಿ. ಒಂದು ಸರದಿ ಎಷ್ಟು ಹೊತ್ತು? ಯಂತ್ರ ವಿಂಡೋಸ್‌ನದೋ ಮ್ಯಾಕೋ? ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಇದೆ? ಕೀಬೋರ್ಡ್ ಮುಟ್ಟದೆ ಬಿಟ್ಟರೆ ಎಷ್ಟು ನಿಮಿಷಕ್ಕೆ ತಾನಾಗಿ ಲಾಗ್ ಆಫ್ ಆಗುತ್ತದೆ? ಈ ಕೊನೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಎಕ್ಸ್‌ಪೋರ್ಟಿಗೆ, ಅಂದರೆ ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೊ ಫೈಲಾಗಿ ಹೊರತೆಗೆಯಲು, ಹಾಕಿ ಹೊರಗೆ ಹೋಗಿ ಬಂದಾಗ ತೆರೆಯ ಮೇಲೆ ಲಾಗಿನ್ ಪುಟ ಕಂಡರೆ ಆಗ ಹೊಳೆಯುತ್ತದೆ.

ಆವೃತ್ತಿಯನ್ನು ಕೇಳುವುದಕ್ಕೂ ಕಾರಣವಿದೆ. ವಿಡಿಯೊ ಎಡಿಟಿಂಗಿನ ಸಾಫ್ಟ್‌ವೇರುಗಳಾದ ಅಡೋಬಿಯ ಪ್ರೀಮಿಯರ್ ಪ್ರೊ ಆಗಲಿ ಡಾವಿಂಚಿ ರೆಸಾಲ್ವ್ ಆಗಲಿ, ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಮನೆಯಲ್ಲಿ ಅರ್ಧ, ಗ್ರಂಥಾಲಯದಲ್ಲಿ ಅರ್ಧ ಮಾಡುವ ಯೋಚನೆಯಿದ್ದರೆ ಎರಡೂ ಕಡೆ ಒಂದೇ ಆವೃತ್ತಿ ಇರಲಿ. ಇಲ್ಲದಿದ್ದರೆ ಮನೆಯಲ್ಲಿ ಕ್ಲಿಪ್‌ಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡು, ಎಡಿಟಿಂಗನ್ನು ಪೂರ್ತಿ ಒಂದೇ ಕಡೆ ಮಾಡುವುದು ಮೇಲು.

ಇನ್ನು ಡ್ರೈವ್ ವಿಚಾರ. ಎಡಿಟಿಂಗಿಗೆ ಪೆನ್‌ಡ್ರೈವ್ ತರಬೇಡಿ, ಎಕ್ಸ್‌ಟರ್ನಲ್ ಎಸ್‌ಎಸ್‌ಡಿ (ಹೊರಗಿನಿಂದ ಜೋಡಿಸುವ ವೇಗದ ಡ್ರೈವ್) ತನ್ನಿ. ಸಾಧಾರಣ ಪೆನ್‌ಡ್ರೈವ್ ಸೆಕೆಂಡಿಗೆ 15 ಎಂಬಿ ವೇಗದಲ್ಲಿ ಬರೆದರೆ 30 ಜಿಬಿ ಫೂಟೇಜ್ (ಚಿತ್ರೀಕರಿಸಿದ ಮೂಲ ವಿಡಿಯೊ) ತುಂಬಲು ಅರ್ಧ ಗಂಟೆಗೂ ಮಿಕ್ಕಿ ಬೇಕು. ಸೆಕೆಂಡಿಗೆ 400 ಎಂಬಿ ಬರೆಯುವ ಎಸ್‌ಎಸ್‌ಡಿಗೆ ಒಂದೂಕಾಲು ನಿಮಿಷ ಸಾಕು. ಅದಕ್ಕಿಂತ ಮುಖ್ಯವಾದದ್ದೆಂದರೆ, ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಓಡುವಾಗ ಸಾಫ್ಟ್‌ವೇರ್ ಮೂರು ನಾಲ್ಕು ಕ್ಲಿಪ್‌ಗಳನ್ನು ಒಟ್ಟಿಗೆ ಓದುತ್ತಿರುತ್ತದೆ. ಪೆನ್‌ಡ್ರೈವಿಗೆ ಅದು ಆಗದ ಮಾತು. ಚಿತ್ರ ತಡವರಿಸುತ್ತದೆ, ಜನ ಕಂಪ್ಯೂಟರನ್ನು ಬೈಯುತ್ತಾರೆ.

ಎಷ್ಟು ಜಾಗ ಬೇಕೆಂದು ತಿಳಿಯಲು ಲೆಕ್ಕ ಸುಲಭ. ಬಿಟ್‌ರೇಟನ್ನು, ಅಂದರೆ ಒಂದು ಸೆಕೆಂಡಿನ ವಿಡಿಯೊ ಎಷ್ಟು ಮೆಗಾಬಿಟ್ ಎಂಬುದನ್ನು, ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಎಂಬಿ ಸಿಗುತ್ತದೆ. ಕ್ಯಾಮೆರಾ 50 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದ್ದರೆ ನಿಮಿಷಕ್ಕೆ 375 ಎಂಬಿ. 100 ಮೆಗಾಬಿಟ್‌ನ 4ಕೆ ಆದರೆ 750 ಎಂಬಿ. ಒಂದು ಗಂಟೆಯ 4ಕೆ ಫೂಟೇಜಿಗೆ 45 ಜಿಬಿ ಆಯಿತು. ಪ್ರಾಕ್ಸಿ (ಎಡಿಟಿಂಗ್ ಸಲೀಸಾಗಲು ಮಾಡಿಕೊಳ್ಳುವ ಹಗುರ ಪ್ರತಿಗಳು), ಕ್ಯಾಶ್ (ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳು), ಎಕ್ಸ್‌ಪೋರ್ಟ್ ಎಲ್ಲ ಸೇರಿ ಫೂಟೇಜಿನ ಎರಡು ಪಟ್ಟು ಖಾಲಿ ಜಾಗ ಇಟ್ಟುಕೊಂಡರೆ ನಿಶ್ಚಿಂತೆ.

ಡ್ರೈವನ್ನು ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ ತನ್ನಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ, ಹಾಗಾಗಿ ಮೊದಲು ಬೇರೆಡೆ ಪ್ರತಿ ತೆಗೆದಿಡಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ. ಡ್ರೈವಿನಲ್ಲಿ ನೂರು ಜಿಬಿ ಖಾಲಿಯಿದ್ದರೂ ಫೈಲ್ ತೀರಾ ದೊಡ್ಡದು ಎನ್ನುತ್ತದೆ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮ್ಯಾಕಿನ ಎಪಿಎಫ್‌ಎಸ್ ಆದರೆ ವಿಂಡೋಸಿಗೆ ಓದಲು ಬರುವುದೇ ಇಲ್ಲ. ಎಕ್ಸ್‌ಫ್ಯಾಟ್ ಎರಡೂ ಕಡೆ ನಡೆಯುತ್ತದೆ. ಅದರ ದೌರ್ಬಲ್ಯ ಒಂದೇ: ಇಜೆಕ್ಟ್ ಮಾಡದೆ ಕಿತ್ತರೆ ಬೇರೆಯವುಗಳಿಗಿಂತ ಬೇಗ ಕೆಡುತ್ತದೆ.

ಫೂಟೇಜನ್ನು ಫೋನಿನಿಂದ ಕೇಬಲ್ ಮೂಲಕವೇ ನಕಲು ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿಕೊಂಡದ್ದು ಹಿಂಡಿ ಹಿಪ್ಪೆಯಾಗಿ ಬಂದಿರುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ಗೆಳೆಯರಿಂದ ತರಿಸಿಕೊಳ್ಳಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಡ್ರೈವಿನಲ್ಲಿ ಒಂದೇ ದೊಡ್ಡ ಫೋಲ್ಡರ್ ಮಾಡಿ ಅದರೊಳಗೆ ಫೂಟೇಜ್, ಆಡಿಯೊ, ಗ್ರಾಫಿಕ್ಸ್, ಪ್ರಾಜೆಕ್ಟ್, ಎಕ್ಸ್‌ಪೋರ್ಟ್ ಎಂದು ಐದು ಫೋಲ್ಡರ್ ಮಾಡಿಕೊಳ್ಳಿ. ಹೆಸರುಗಳು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳಲ್ಲಿರಲಿ. ಕನ್ನಡದ ಹೆಸರು ಕೆಲವು ಪ್ಲಗಿನ್‌ಗಳಿಗೆ (ಸಾಫ್ಟ್‌ವೇರಿಗೆ ಸೇರಿಸುವ ಉಪಸಾಧನಗಳಿಗೆ) ಓದಲು ಬರುವುದಿಲ್ಲ. ಬೇರೆ ಬೇರೆ ದಿನದ ಮೆಮೊರಿ ಕಾರ್ಡುಗಳನ್ನು ಬೇರೆ ಬೇರೆ ಒಳಫೋಲ್ಡರುಗಳಲ್ಲಿಡಿ. ಕಾರ್ಡ್ ಫಾರ್ಮ್ಯಾಟ್ ಮಾಡಿದಾಗ ಅನೇಕ ಕ್ಯಾಮೆರಾಗಳು ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡುತ್ತವೆ. ಒಂದೇ ಹೆಸರಿನ ಎರಡು ಕ್ಲಿಪ್ ಒಂದೆಡೆ ಸೇರಿದರೆ ಒಂದು ಇನ್ನೊಂದನ್ನು ನುಂಗುತ್ತದೆ.

ಕೂತ ಮೊದಲ ಹತ್ತು ನಿಮಿಷ

1. ಎಸ್‌ಎಸ್‌ಡಿಯನ್ನು ಯಂತ್ರದ ಯುಎಸ್‌ಬಿ 3 ಕಿಂಡಿಗೇ ಚುಚ್ಚಿ. ಹಲವು ಯಂತ್ರಗಳಲ್ಲಿ ಅದರ ಒಳಭಾಗ ನೀಲಿ ಬಣ್ಣದ್ದಿರುತ್ತದೆ, ಇಲ್ಲವೇ ಪಕ್ಕದಲ್ಲಿ ಎರಡು ಎಸ್ ಅಕ್ಷರದ ಗುರುತಿರುತ್ತದೆ. ಕೀಬೋರ್ಡಿನ ಮೇಲಿರುವ ಕಿಂಡಿ ಬೇಡ. ಒಂದು ದೊಡ್ಡ ಫೈಲ್ ನಕಲು ಮಾಡಿ, ವಿಂಡೋಸ್‌ನ ಕಾಪಿ ಕಿಟಕಿಯಲ್ಲಿ ಮೋರ್ ಡಿಟೇಲ್ಸ್ ಒತ್ತಿ ವೇಗ ನೋಡಿ. ಸೆಕೆಂಡಿಗೆ 30–40 ಎಂಬಿಗೇ ಅಂಟಿಕೊಂಡಿದ್ದರೆ ನೀವು ಯುಎಸ್‌ಬಿ 2ರಲ್ಲಿದ್ದೀರಿ ಎಂದರ್ಥ. ಕಿಂಡಿ ಸರಿಯಿದ್ದರೆ ತಪ್ಪು ಕೇಬಲಿನದು. ಫೋನ್ ಚಾರ್ಜರಿನ ಜತೆ ಬರುವ ಬಹಳಷ್ಟು ಟೈಪ್-ಸಿ ಕೇಬಲುಗಳಲ್ಲಿ ಯುಎಸ್‌ಬಿ 2ರ ತಂತಿಗಳಷ್ಟೇ ಇರುತ್ತವೆ. ಎಸ್‌ಎಸ್‌ಡಿ ಜತೆ ಬಂದ ಕೇಬಲನ್ನೇ ಬಳಸಿ.

2. ಹೆಡ್‌ಫೋನ್ ಹಾಕಿ ಶಬ್ದ ಪರೀಕ್ಷಿಸಿ. ತಂತಿಯ ಹೆಡ್‌ಫೋನೇ ಆಗಬೇಕು. ಬ್ಲೂಟೂತ್‌ನಲ್ಲಿ ಶಬ್ದ ಸ್ವಲ್ಪ ತಡವಾಗಿ ಕೇಳುವುದರಿಂದ ಮಾತು, ತುಟಿ ಹೊಂದಿಸಲು ಕೂತರೆ ಸರಿಯಿದ್ದದ್ದನ್ನೇ ಕೆಡಿಸುತ್ತೀರಿ. ಏನೂ ಕೇಳಿಸದಿದ್ದರೆ ವಿಂಡೋಸ್ ಶಬ್ದವನ್ನು ಮಾನಿಟರಿಗೆ ಕಳಿಸುತ್ತಿರಬಹುದು. ಕೆಳಗಿನ ಸ್ಪೀಕರ್ ಚಿಹ್ನೆ ಒತ್ತಿ ಔಟ್‌ಪುಟ್ ಬದಲಿಸಿ. ಆಮೇಲೂ ಪ್ರೀಮಿಯರ್ ಮಾತ್ರ ಮೂಕವಾಗಿದ್ದರೆ ಪ್ರಿಫರೆನ್ಸಸ್‌ನ ಆಡಿಯೊ ಹಾರ್ಡ್‌ವೇರ್‌ಗೆ ಹೋಗಿ ಔಟ್‌ಪುಟನ್ನು ಹೆಡ್‌ಫೋನಿಗೆ ಹೊಂದಿಸಿ, ಇನ್‌ಪುಟನ್ನು ನೋ ಇನ್‌ಪುಟ್ ಮಾಡಿ. ಯಂತ್ರಕ್ಕೆ ಮೈಕ್ ಇಲ್ಲದಾಗ ಪ್ರೀಮಿಯರ್ ಅದನ್ನು ಹುಡುಕುತ್ತ ಕೈಕೊಡುವುದುಂಟು.

3. ಹೊಸ ಪ್ರಾಜೆಕ್ಟ್ ಮಾಡುವಾಗ ಅದರ ಜಾಗ ಎಲ್ಲಿದೆ ಎಂಬುದನ್ನು ಓದಿ ನೋಡಿ. ಸಾಫ್ಟ್‌ವೇರ್ ತಾನಾಗಿ ಸೂಚಿಸುವುದು ಡಾಕ್ಯುಮೆಂಟ್ಸ್ ಫೋಲ್ಡರನ್ನು, ಅಂದರೆ ಸಂಜೆ ಅಳಿಸಿಹೋಗುವ ಜಾಗವನ್ನು. ಅದನ್ನು ಎಸ್‌ಎಸ್‌ಡಿಯ ಪ್ರಾಜೆಕ್ಟ್ ಫೋಲ್ಡರಿಗೆ ಬದಲಿಸಿ. ಪ್ರೀಮಿಯರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ಸ್ (ಕೆಲಸದ ನಡುವಿನ ಫೈಲುಗಳನ್ನಿಡುವ ಜಾಗಗಳು) ಎಲ್ಲವೂ ಸೇಮ್ ಆ್ಯಸ್ ಪ್ರಾಜೆಕ್ಟ್ ಎಂದಿರಲಿ. ಆಗ ಆಟೊಸೇವ್ ಪ್ರತಿಗಳೂ ಡ್ರೈವಿನಲ್ಲೇ ಉಳಿಯುತ್ತವೆ. ಆಟೊಸೇವ್ 5 ನಿಮಿಷಕ್ಕೊಮ್ಮೆ ಇರಲಿ.

4. ಮೀಡಿಯಾ ಕ್ಯಾಶನ್ನು ಮಾತ್ರ ಯಂತ್ರದ ಒಳಡಿಸ್ಕಿನಲ್ಲೇ ಬಿಡಬಹುದು. ಅದು ಅಳಿಸಿದರೂ ಮತ್ತೆ ತಾನಾಗಿ ತಯಾರಾಗುತ್ತದೆ. ದೊಡ್ಡ ಪ್ರಾಜೆಕ್ಟುಗಳಲ್ಲಿ ಪ್ರತಿ ಸಲ ಅದು ತಯಾರಾಗುವವರೆಗೆ ಕಾಯಬೇಕಾಗುತ್ತದೆ, ಆಗ ಅದನ್ನೂ ಎಸ್‌ಎಸ್‌ಡಿಗೆ ಹಾಕಿ.

5. ಒಂದು ಕ್ಲಿಪ್ ತಂದು ಟೈಮ್‌ಲೈನಿಗೆ ಎಳೆದು ಸೇವ್ ಮಾಡಿ. ಫೋಲ್ಡರ್ ತೆರೆದು ಪ್ರಾಜೆಕ್ಟ್ ಫೈಲ್ ಅಲ್ಲಿದೆಯೇ, ಅದರ ಸಮಯ ಈಗಿನದೇ ಎಂದು ಕಣ್ಣಾರೆ ನೋಡಿ. ಇಷ್ಟಾದ ಮೇಲೆ ನಿಜವಾದ ಕೆಲಸ ಶುರು.

ಹಿಂದಿನವರು ಕಿಟಕಿಗಳನ್ನು ಎಲ್ಲೆಂದರಲ್ಲಿ ಚೆಲ್ಲಿ ಹೋಗಿದ್ದರೆ ವಿಂಡೋ ಮೆನುವಿನ ವರ್ಕ್‌ಸ್ಪೇಸಸ್‌ನಲ್ಲಿ ರೀಸೆಟ್ ಟು ಸೇವ್ಡ್ ಲೇಔಟ್ ಒತ್ತಿದರೆ ಸಾಕು. ಪ್ರೀಮಿಯರ್ ವಿಚಿತ್ರವಾಗಿ ವರ್ತಿಸುತ್ತಿದ್ದರೆ ಮುಚ್ಚಿ, ಆಲ್ಟ್ ಕೀ ಒತ್ತಿ ಹಿಡಿದುಕೊಂಡು ಮತ್ತೆ ತೆರೆಯಿರಿ. ಹಳೆಯ ಸೆಟ್ಟಿಂಗುಗಳನ್ನು ತೊಡೆದುಹಾಕುವ ಆಯ್ಕೆ ಕೊಡುತ್ತದೆ. ಮ್ಯಾಕಿನಲ್ಲಿ ಇದೇ ಕೆಲಸಕ್ಕೆ ಆಪ್ಷನ್ ಕೀ.

ಯಾವುದು ಎಲ್ಲಿ ಉಳಿಯುತ್ತದೆ

ಪ್ರೀಮಿಯರ್‌ನ ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಿದ್ದೀರಿ ಎಂಬ ವಿವರ ಮಾತ್ರ ಇರುತ್ತದೆ. ಹಾಗಾಗಿ ಡೆಸ್ಕ್‌ಟಾಪಿನಲ್ಲಿಟ್ಟ ಸಂಗೀತವನ್ನೋ ಡೌನ್‌ಲೋಡ್ಸ್‌ನಲ್ಲಿದ್ದ ಲೋಗೊವನ್ನೋ ಟೈಮ್‌ಲೈನಿಗೆ ಎಳೆದರೆ, ಮುಂದಿನ ಸಲ ಅಲ್ಲಿ ಕೆಂಪು ಬಣ್ಣದ ಮೀಡಿಯಾ ಆಫ್‌ಲೈನ್ ಫಲಕ ಕಾಣುತ್ತದೆ. ಯಾವುದೇ ಫೈಲನ್ನು ಮೊದಲು ಎಸ್‌ಎಸ್‌ಡಿಯ ಫೋಲ್ಡರಿಗೆ ಹಾಕಿ, ಅಲ್ಲಿಂದ ಇಂಪೋರ್ಟ್ ಮಾಡಿ. ಡ್ರೈವ್ ಇಂದು ಇ, ನಾಳೆ ಎಫ್ ಆಗಿ ಕಾಣಿಸಿಕೊಂಡು ಕ್ಲಿಪ್‌ಗಳು ಕಾಣೆಯಾದರೆ ಗಾಬರಿ ಬೇಡ. ಲಿಂಕ್ ಮೀಡಿಯಾ ಕಿಟಕಿಯಲ್ಲಿ ಲೊಕೇಟ್ ಒತ್ತಿ ಒಂದು ಕ್ಲಿಪ್ ತೋರಿಸಿಕೊಟ್ಟರೆ ಅದೇ ಫೋಲ್ಡರಿನ ಉಳಿದವನ್ನು ತಾನೇ ಹುಡುಕಿಕೊಳ್ಳುತ್ತದೆ.

ಡಾವಿಂಚಿ ರೆಸಾಲ್ವ್‌ನಲ್ಲಿ ಸೋಲುವವರು ಹೆಚ್ಚು. ಅದು ಪ್ರಾಜೆಕ್ಟನ್ನು ಫೈಲಾಗಿ ಉಳಿಸದೆ ತನ್ನದೇ ಡೇಟಾಬೇಸಿನಲ್ಲಿ, ಅಂದರೆ ಯಂತ್ರದ ಒಳಡಿಸ್ಕಿನಲ್ಲಿ, ಇಟ್ಟುಕೊಳ್ಳುತ್ತದೆ. ಫೂಟೇಜೆಲ್ಲ ಎಸ್‌ಎಸ್‌ಡಿಯಲ್ಲಿ, ನೂರು ಸಲ ಕಂಟ್ರೋಲ್ ಎಸ್ ಒತ್ತಿದ್ದೂ ಹೌದು, ಆದರೂ ಮರುದಿನ ಟೈಮ್‌ಲೈನ್ ಇಲ್ಲ. ಇದಕ್ಕೆ ಮದ್ದು: ಏಳುವ ಮೊದಲು ಪ್ರಾಜೆಕ್ಟ್ ಮ್ಯಾನೇಜರ್ ತೆರೆದು, ನಿಮ್ಮ ಪ್ರಾಜೆಕ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರಿಸಿ. ಡಿಆರ್‌ಪಿ ಎಂಬ ಪುಟ್ಟ ಫೈಲ್ ಸಿಗುತ್ತದೆ, ಅದನ್ನು ಎಸ್‌ಎಸ್‌ಡಿಗೆ ಹಾಕಿ. ಅರ್ಧ ಗಂಟೆಗೊಮ್ಮೆ ಹೀಗೆ ಮಾಡುವ ಅಭ್ಯಾಸವಾದರೆ ಕರೆಂಟ್ ಹೋದರೂ ನಷ್ಟ ಅಲ್ಪ. ಮುಂದಿನ ಸಲ ಅದನ್ನು ಇಂಪೋರ್ಟ್ ಪ್ರಾಜೆಕ್ಟ್‌ನಿಂದ ತನ್ನಿ. ಇನ್ನೊಂದು ಎಚ್ಚರಿಕೆ: ರೆಸಾಲ್ವ್‌ನಲ್ಲಿ ಮೊದಲ ಕ್ಲಿಪ್ ತಂದ ಮೇಲೆ ಪ್ರಾಜೆಕ್ಟಿನ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಎಂಬುದು) ಬದಲಿಸಲು ಬಿಡುವುದಿಲ್ಲ. 25ಓ 30ಓ ಎಂಬುದನ್ನು ಮೊದಲೇ ತೀರ್ಮಾನಿಸಿ.

ಧ್ವನಿ ಎಡಿಟಿಂಗಿನ ಸಾಫ್ಟ್‌ವೇರ್ ಆಡಾಸಿಟಿ 2021ರ 3.0 ಆವೃತ್ತಿಯಿಂದ ಇಡೀ ಪ್ರಾಜೆಕ್ಟನ್ನು ಎಯುಪಿ3 ಎಂಬ ಒಂದೇ ಫೈಲಿನಲ್ಲಿ ಇಡುತ್ತದೆ, ಧ್ವನಿಯೂ ಅದರೊಳಗೇ. ನೀವು ಕೆಲಸ ಮಾಡುತ್ತಿರುವಷ್ಟು ಹೊತ್ತೂ ಅದಕ್ಕೆ ಬರೆಯುತ್ತಲೇ ಇರುತ್ತದೆ. ತೆರೆದಿರುವಾಗ ನಕಲು ಮಾಡಿದರೆ ಅರೆಬರೆ ಪ್ರತಿ ಸಿಗಬಹುದು, ಆದ್ದರಿಂದ ಪ್ರಾಜೆಕ್ಟ್ ಮುಚ್ಚಿದ ಮೇಲೆಯೇ ನಕಲು ಮಾಡಿ.

ಫೋನಿನ ವಿಡಿಯೊ ತರುವ ತಲೆನೋವು

ಶುರುವಿನಲ್ಲಿ ತುಟಿಗೂ ಮಾತಿಗೂ ಹೊಂದಿಕೆಯಿದ್ದು, ಹತ್ತನೇ ನಿಮಿಷಕ್ಕೆ ಮಾತು ಹಿಂದೆ ಬಿದ್ದಿದ್ದರೆ ಕಾರಣ ಬಹುತೇಕ ಒಂದೇ. ಫೋನುಗಳು ಬೆಳಕು, ಬಿಸಿ ನೋಡಿಕೊಂಡು ಫ್ರೇಮ್‌ರೇಟನ್ನು ಏರುಪೇರು ಮಾಡುತ್ತವೆ. ಸೆಕೆಂಡಿಗೆ 30 ಎಂದು ಬರೆದಿದ್ದರೂ ಒಮ್ಮೆ 29, ಒಮ್ಮೆ 30 ಆಗಿರಬಹುದು. ಎಡಿಟಿಂಗ್ ಸಾಫ್ಟ್‌ವೇರ್ ಬಯಸುವುದು ಒಂದೇ ಸಮನಾದ ಲಯವನ್ನು.

ಮೀಡಿಯಾಇನ್ಫೊ ಎಂಬ ಉಚಿತ ಸಾಧನದಲ್ಲಿ ಕ್ಲಿಪ್ ತೆರೆದು ಫ್ರೇಮ್‌ರೇಟ್ ಮೋಡ್ ಎಂಬ ಸಾಲು ನೋಡಿ. ವೇರಿಯಬಲ್ ಎಂದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಅದರ ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟ್ 30 ಆರಿಸಿ, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಗುರುತಿಸಿ, ಎನ್‌ಕೋಡರ್ (ವಿಡಿಯೊ ಹಿಂಡುವ ವಿಧಾನ) ಎಚ್.264 ಇಟ್ಟು, ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 16–18ಕ್ಕೆ ಎಳೆಯಿರಿ. ಈ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲೂ ದೊಡ್ಡದು. ಆಡಿಯೊ 48 ಕಿಲೊಹರ್ಟ್ಸ್ ಇರಲಿ. ಇದನ್ನು ಹಿಂದಿನ ರಾತ್ರಿ ಮನೆಯ ಲ್ಯಾಪ್‌ಟಾಪಿನಲ್ಲೇ ಮಾಡಿಟ್ಟುಕೊಂಡರೆ ಗ್ರಂಥಾಲಯದ ಸಮಯ ಉಳಿಯುತ್ತದೆ. ನಿಧಾನವಾದರೂ ನಡೆಯುತ್ತದೆ, ಮಲಗಿದಾಗ ಓಡಲಿ.

ಐಫೋನಿನಲ್ಲಿ ಎಚ್‌ಡಿಆರ್ (ಬೆಳಕು, ನೆರಳಿನ ವ್ಯಾಪ್ತಿ ಹಿಗ್ಗಿಸುವ ಆಯ್ಕೆ) ಚಾಲೂ ಇಟ್ಟು ತೆಗೆದ ಕ್ಲಿಪ್ ಸಾಧಾರಣ ಟೈಮ್‌ಲೈನಿನಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಬಣ್ಣದ ಪಟ್ಟಿಗಳನ್ನು ಎಳೆದಾಡಿ ಸರಿಮಾಡಲು ಹೊರಡಬೇಡಿ. ಕ್ಲಿಪ್‌ನ ಕಲರ್ ಸ್ಪೇಸ್ ಸೆಟ್ಟಿಂಗನ್ನು ಸರಿಪಡಿಸಿ, ಇಲ್ಲವೇ ಮುಂದಿನ ಚಿತ್ರೀಕರಣದಲ್ಲಿ ಎಚ್‌ಡಿಆರ್ ಆಫ್ ಮಾಡಿ ತೆಗೆಯಿರಿ.

ಚಿತ್ರ ತಡವರಿಸಿದರೆ

ಎಚ್‌ಇವಿಸಿ, ಎಚ್.264 ಫೈಲುಗಳಲ್ಲಿ ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿರುವುದಿಲ್ಲ. ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಗಿದೆ ಎಂಬುದಷ್ಟೇ ಹೆಚ್ಚಿನವುಗಳಲ್ಲಿರುತ್ತದೆ. ನೀವು ಮಧ್ಯದಲ್ಲೆಲ್ಲೋ ಕ್ಲಿಕ್ ಮಾಡಿದರೆ ಯಂತ್ರ ಹಿಂದಿನ ಪೂರ್ಣ ಫ್ರೇಮಿನಿಂದ ಲೆಕ್ಕ ಹಾಕಿಕೊಂಡು ಬರಬೇಕು. ಎಷ್ಟೇ ಗಟ್ಟಿ ಯಂತ್ರವಾದರೂ ನಾಲ್ಕು ಪದರ 4ಕೆ ಇಟ್ಟರೆ ಏದುಸಿರು ಬಿಡುತ್ತದೆ.

ಮೊದಲು ಪ್ಲೇಬ್ಯಾಕ್ ರೆಸಲ್ಯೂಶನನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ನೋಡಿ. ಇದರಿಂದ ಅಂತಿಮ ವಿಡಿಯೊಗೆ ಏನೂ ಆಗುವುದಿಲ್ಲ. ಸಾಲದಿದ್ದರೆ ಪ್ರಾಕ್ಸಿ ಮಾಡಿ: ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ಅವು ಎಸ್‌ಎಸ್‌ಡಿಗೇ ಬೀಳುವಂತೆ ನೋಡಿಕೊಳ್ಳಿ. ಒಂದು ಗಂಟೆಯ ಫೂಟೇಜಿಗೆ ಪ್ರಾಕ್ಸಿ ತಯಾರಾಗಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಎರಡೇ ಗಂಟೆಯ ಸರದಿಯಿದ್ದು ಕೆಲಸ ಐದು ನಿಮಿಷದ ವಿಡಿಯೊ ಆಗಿದ್ದರೆ ಪ್ರಾಕ್ಸಿ ಗೊಡವೆಗೆ ಹೋಗದಿರುವುದೇ ಲೇಸು.

ಕನ್ನಡದ ಅಕ್ಷರ ಒಡೆಯದಂತೆ

ಶೀರ್ಷಿಕೆಯಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ಬಿದ್ದರೆ ಫಾಂಟಿನ ತಪ್ಪಲ್ಲ. ಅಕ್ಷರಗಳನ್ನು ಕೂಡಿಸುವ ಎಂಜಿನ್ ಲ್ಯಾಟಿನ್ ಲಿಪಿಗೆ ಹೊಂದಿಕೊಂಡಿರುತ್ತದೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಆರಿಸಿ, ಆಮೇಲೆ ಹೊಸದಾಗಿ ಟೈಪ್ ಮಾಡಿ. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಥದೇ ಆಯ್ಕೆಯಿದೆ, ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್-ರೆಡಿ ಲೇಔಟ್. ಯಂತ್ರ ಎಲ್ಲ ಮರೆಯುವುದರಿಂದ ಇದನ್ನು ಪ್ರತಿ ಸರದಿಯಲ್ಲೂ ಮಾಡಬೇಕು.

ನೋಟೋ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟಿನ ಫೈಲನ್ನು ಡ್ರೈವಿನಲ್ಲಿ ಜತೆಗೇ ಇಟ್ಟುಕೊಳ್ಳಿ. ವಿಂಡೋಸ್ 10ರ 2018ರ ನಂತರದ ಆವೃತ್ತಿಗಳಲ್ಲಿ ಅಡ್ಮಿನ್ ಅನುಮತಿಯಿಲ್ಲದೆ ನಿಮ್ಮ ಲಾಗಿನ್ನಿಗಷ್ಟೇ ಫಾಂಟ್ ಹಾಕಿಕೊಳ್ಳಬಹುದು, ಗ್ರಂಥಾಲಯದವರು ತಡೆದಿರದಿದ್ದರೆ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಅದನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿ ತನ್ನಿ.

ಯಾವುದೂ ಕೆಲಸ ಮಾಡದಿದ್ದರೆ ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ಸಾಫ್ಟ್‌ವೇರಿನಲ್ಲಿ 1920×1080 ಅಳತೆಯಲ್ಲಿ ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು ವಿಡಿಯೊ ಮೇಲಿಡಿ. ಹತ್ತಕ್ಕಿಂತ ಕಡಿಮೆ ಶೀರ್ಷಿಕೆಗಳಿದ್ದರೆ ಮೊದಲಿಂದಲೇ ಈ ದಾರಿ ಹಿಡಿಯುವುದು ನಮ್ಮ ಸಲಹೆ. ಪಿಎನ್‌ಜಿ ಯಾವ ಯಂತ್ರದಲ್ಲೂ ಒಡೆಯುವುದಿಲ್ಲ. ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಎಎನ್‌ಎಸ್‌ಐ ಆದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ.

ಧ್ವನಿ

ಮಾತಿನ ಶಿಖರಗಳು ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿ ಯಾವ ಫಿಲ್ಟರಿಗೂ ಪೂರ್ತಿ ಸರಿಹೋಗುವುದಿಲ್ಲ. ಫ್ಯಾನ್ ಸದ್ದು ತೆಗೆಯಲು ಆಡಾಸಿಟಿಯಲ್ಲಿ ಮಾತಿಲ್ಲದ ಒಂದೆರಡು ಸೆಕೆಂಡ್ ಆರಿಸಿ, ನಾಯ್ಸ್ ರಿಡಕ್ಷನ್‌ನಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಆಮೇಲೆ ಇಡೀ ಟ್ರ್ಯಾಕ್ ಆರಿಸಿ 12 ಡೆಸಿಬೆಲ್‌ನಷ್ಟು ಇಳಿಸಿ. ಅದಕ್ಕಿಂತ ತೀರಾ ಹೆಚ್ಚು ಎಳೆದರೆ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಅದಕ್ಕಿಂತ ಫ್ಯಾನೇ ವಾಸಿ.

ಎಕ್ಸ್‌ಪೋರ್ಟ್

ಸರದಿ ಮುಗಿಯಲು 45 ನಿಮಿಷವಿರುವಾಗ ಎಡಿಟಿಂಗ್ ನಿಲ್ಲಿಸಿ. ಫಾರ್ಮ್ಯಾಟ್ ಎಚ್.264, ಫೈಲ್ ಎಂಪಿ4, ಅಳತೆ 1920×1080, ಫ್ರೇಮ್‌ರೇಟ್ ಟೈಮ್‌ಲೈನಿನದೇ, ಬಿಟ್‌ರೇಟ್ 10 ಮೆಗಾಬಿಟ್ ಸುತ್ತಮುತ್ತ, ಆಡಿಯೊ ಎಎಸಿ 48 ಕಿಲೊಹರ್ಟ್ಸ್. ಹತ್ತು ನಿಮಿಷದ ವಿಡಿಯೊ ಸುಮಾರು 750 ಎಂಬಿ ಆಗುತ್ತದೆ. ಬಿಟ್‌ರೇಟನ್ನು 50ಕ್ಕೆ ಏರಿಸಿದರೆ ಫೈಲ್ ಐದು ಪಟ್ಟಾಗುತ್ತದೆ, ಫೋನಿನ ಫೂಟೇಜಿನಲ್ಲಿ ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ. ಫೈಲ್ ಬೀಳುವ ಜಾಗ ಎಸ್‌ಎಸ್‌ಡಿಯೇ ಎಂದು ಇಲ್ಲೂ ಒಮ್ಮೆ ಓದಿ.

ಎಕ್ಸ್‌ಪೋರ್ಟ್ ನಡುವೆ ನಿಂತು ಎರರ್ ಕೊಟ್ಟರೆ ಸಂದೇಶವನ್ನು ಮುಚ್ಚುವ ಮೊದಲು ಓದಿ. ಪ್ರೀಮಿಯರ್ ಅದರಲ್ಲಿ ಅನೇಕ ಸಲ ಟೈಮ್‌ಕೋಡ್ ಕೊಟ್ಟಿರುತ್ತದೆ. ಆ ಜಾಗಕ್ಕೆ ಹೋದರೆ ಕೆಟ್ಟ ಕ್ಲಿಪ್ಪೋ ಭಾರದ ಎಫೆಕ್ಟೋ ಸಿಗುತ್ತದೆ, ತೆಗೆದು ಮತ್ತೆ ಹಾಕಿ. ಟೈಮ್‌ಕೋಡ್ ಇಲ್ಲದಿದ್ದರೆ ಡ್ರೈವ್ ತುಂಬಿದೆಯೇ ನೋಡಿ. ಅದೂ ಸರಿಯಿದ್ದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ರೆಂಡರರ್ (ಚಿತ್ರ ತಯಾರಿಸುವ ಎಂಜಿನ್) ಅನ್ನು ಸಾಫ್ಟ್‌ವೇರ್ ಓನ್ಲಿ ಮಾಡಿ ನೋಡಿ. ನಿಧಾನ, ಆದರೆ ಗ್ರಾಫಿಕ್ಸ್ ಕಾರ್ಡಿನ ತಕರಾರು ತಪ್ಪುತ್ತದೆ. ಎಕ್ಸ್‌ಪೋರ್ಟ್ ಓಡುವಾಗ ಯಂತ್ರದ ಮುಂದೆಯೇ ಇದ್ದು ಆಗಾಗ ಮೌಸ್ ಅಲ್ಲಾಡಿಸಿ.

ಮುಗಿದ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಮೊದಲು, ನಡು, ಕೊನೆ ಮೂರೂ ಕಡೆ ಕೇಳಿ, ನೋಡಿ. ಕೊನೆಯಲ್ಲಿ ಎರಡು ನಿಮಿಷ ಕಪ್ಪು ತೆರೆ ಬಂದರೆ ಟೈಮ್‌ಲೈನಿನ ದೂರದಲ್ಲೆಲ್ಲೋ ಮರೆತ ತುಣುಕೊಂದು ಬಿದ್ದಿದೆ.

ಏಳುವಾಗ

ಪ್ರಾಜೆಕ್ಟ್ ಸೇವ್ ಮಾಡಿ, ರೆಸಾಲ್ವ್ ಆದರೆ ಡಿಆರ್‌ಪಿ ತೆಗೆದು, ಸಾಫ್ಟ್‌ವೇರ್ ಪೂರ್ತಿ ಮುಚ್ಚಿ. ಪ್ರಾಜೆಕ್ಟ್ ಫೈಲ್ ಸಾಮಾನ್ಯವಾಗಿ ಕೆಲವೇ ಎಂಬಿ ಇರುವುದರಿಂದ ಅದನ್ನು ನಿಮಗೇ ಈಮೇಲ್ ಮಾಡಿಕೊಳ್ಳಿ. ಎಸ್‌ಎಸ್‌ಡಿ ಕಳೆದರೂ, ಮೂಲ ಫೂಟೇಜ್ ಇನ್ನೊಂದು ಕಡೆ ಇದ್ದರೆ ಕೆಲಸವನ್ನು ಮತ್ತೆ ಕಟ್ಟಬಹುದು. ಮೂಲ ಫೂಟೇಜನ್ನು ಫೋನಿನಿಂದಲೋ ಕಾರ್ಡಿನಿಂದಲೋ ಅಳಿಸುವುದು ಎರಡು ಕಡೆ ಪ್ರತಿಯಾದ ಮೇಲಷ್ಟೇ.

ಡ್ರೈವ್ ಇಜೆಕ್ಟ್ ಮಾಡಿ. ಬಳಕೆಯಲ್ಲಿದೆ ಎಂದು ಹಟ ಹಿಡಿದರೆ ಹಿನ್ನೆಲೆಯಲ್ಲಿ ಅಡೋಬಿಯ ಎಕ್ಸ್‌ಪೋರ್ಟ್ ಸಾಧನವಾದ ಮೀಡಿಯಾ ಎನ್‌ಕೋಡರ್ ಇಲ್ಲವೇ ವಿಎಲ್‌ಸಿ ತೆರೆದೇ ಇರುತ್ತದೆ. ಆದರೂ ಬಿಡದಿದ್ದರೆ ಸುಮ್ಮನೆ ಕೀಳಬೇಡಿ. ಲಾಗ್ ಆಫ್ ಆಗಿ, ಲಾಗಿನ್ ಪುಟ ಬಂದ ಮೇಲೆ ತೆಗೆಯಿರಿ. ಅದಕ್ಕೂ ಮೊದಲು ಅಡೋಬಿ, ಗೂಗಲ್ ಖಾತೆಗಳಿಂದ ಸೈನ್ ಔಟ್ ಆಗಿ. ವೈಯಕ್ತಿಕ ಅಡೋಬಿ ಖಾತೆಯನ್ನು ಎರಡು ಯಂತ್ರಗಳಲ್ಲಷ್ಟೇ ಸಕ್ರಿಯವಾಗಿಡಬಹುದು. ಇಲ್ಲಿ ಹಾಗೇ ಬಿಟ್ಟುಬಂದರೆ ಮನೆಯಲ್ಲಿ ತಕರಾರು ತೆಗೆಯುತ್ತದೆ. ತೆರೆಯನ್ನು ಲಾಕ್ ಮಾಡಿ ಹೋಗುವುದು ಲಾಗ್ ಆಫ್ ಅಲ್ಲ, ಮುಂದಿನವರಿಗೆ ಯಂತ್ರ ಸಿಗುವುದಿಲ್ಲ.

ಹೊರಬಂದ ಮೇಲೆ ಫೈಲ್ ಡೆಸ್ಕ್‌ಟಾಪಿನಲ್ಲೇ ಉಳಿಯಿತೆಂದು ನೆನಪಾದರೆ ತಕ್ಷಣ ಗ್ರಂಥಾಲಯಕ್ಕೆ ಫೋನ್ ಮಾಡಿ ಯಂತ್ರದ ಸಂಖ್ಯೆ ಹೇಳಿ, ಅದನ್ನು ರೀಸ್ಟಾರ್ಟ್ ಮಾಡದಂತೆ ಕೇಳಿಕೊಳ್ಳಿ. ಲಾಗ್ ಆಫ್ ಆದಾಗಲೇ ಅಳಿಸುವ ಯಂತ್ರವಾದರೆ ಆಸೆ ಬಿಡಬೇಕು. ರೀಸ್ಟಾರ್ಟಿನಲ್ಲಿ ಅಳಿಸುವಂಥದ್ದಾದರೆ ಮುಂದಿನ ರೀಸ್ಟಾರ್ಟಿನವರೆಗೆ ಅದು ಅಲ್ಲೇ ಇರುತ್ತದೆ, ನಿಮ್ಮದೇ ಲಾಗಿನ್ನಿನಲ್ಲಿ ಹೋಗಿ ತೆಗೆದುಕೊಳ್ಳಬಹುದು.